ಗಾಂಧಾರಕ್ಕೆ ಗೇಣು ಹಾಕಿದವರು

ಮಕ್ಕಳೇ, ಹಾಡನ್ನು ಅಡಿಪಟ್ಟಿಯಿಂದ ಅಳೆಯುವವರನ್ನು ನೀವು ನೋಡಿಲ್ಲ. ನಾನು ನೋಡಿದ್ದೇನೆ. ಅವರಲ್ಲಿ ಒಬ್ಬ ನನ್ನ ಮೈದುನನೇ, ನಿಮ್ಮ ಚಿಕ್ಕಜ್ಜ.

ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ ಅಪ್ಪನ ಏಕತಾರಿಯ ಪಕ್ಕ ಕುಳಿತು ನಾಲ್ಕು ತತ್ವಪದ ಕಲಿತು, ದೇವದುರ್ಗಕ್ಕೆ ಸೊಸೆಯಾಗಿ ಬಂದವಳು ನಾನು. ಜನರ ಮುಂದೆ ಮಾತಿಗೆ ನಾಲಿಗೆ ಏಳುತ್ತಿರಲಿಲ್ಲ, ಹಾಡಿಗೆ ಮಾತ್ರ ಏಳುತ್ತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆ ನಮ್ಮ ಓಣಿಯ ಭಜನಾ ಮೇಳಕ್ಕೆ ರಾಯಚೂರಿನಿಂದ ಕರೆ ಬಂತು. ಮುಂದೆ ಕುಳಿತು ನಾನೇ ಹಾಡಬೇಕೆಂದು ಹೆಂಗಸರು ಹಟ ಹಿಡಿದರು. ಬೇಡವೆಂದು ತಲೆಯಾಡಿಸಿದೆ, ಒಳಗೊಳಗೆ ಮಾತ್ರ ಮದುವೆಗೂ ಪಡದಷ್ಟು ಆಸೆ.

ಆಗಲೇ ಶಕ್ತಿನಗರದಲ್ಲಿ ಕೆಲಸಕ್ಕಿದ್ದ ಮೈದುನ ಒಂದು ಹಲಗೆ ಹಿಡಿದು ರಜೆಗೆ ಬಂದ. ಹಲಗೆಗೆ ಒಂದೇ ತಂತಿ, ಅದರ ಕೆಳಗೆ ಪೆನ್ಸಿಲ್ ಗೆರೆಗಳು. ಪೂರ್ತಿ ತಂತಿ ಮೀಟಿದರೆ ಸ, ಅರ್ಧಕ್ಕೆ ಒತ್ತಿದರೆ ಮೇಲಿನ ಸ, ಐದರಲ್ಲಿ ನಾಲ್ಕು ಪಾಲು ಉಳಿಸಿ ಒತ್ತಿದರೆ ಗ, ಅಂದರೆ ಗಾಂಧಾರ. ಯಾವುದೋ ಪುಸ್ತಕದಲ್ಲಿ ಓದಿದ್ದನಂತೆ. ಓದಿದ್ದು ತಪ್ಪಲ್ಲ, ಓದಿದ ಮೇಲೆ ಅವನ ಕಿವಿಗೆ ಕೆಲಸವೇ ಉಳಿಯಲಿಲ್ಲ. ನಾನು ಹಾಡುತ್ತಿದ್ದರೆ ಅವನು ಗೆರೆ ನೋಡುತ್ತಿದ್ದ.

“ವೈನಿ, ನಿಮ್ಮ ಗ ಮ್ಯಾಲ ಹೋತ್ರೀ.”

ಮೇಳದ ಹಾರ್ಮೋನಿಯಂ ಮಾಸ್ತರರು ತಮ್ಮ ಪೆಟ್ಟಿಗೆಯ ಗ ಒತ್ತಿ ನಕ್ಕರು. “ಎಲ್ಲಿ ಮ್ಯಾಲ? ಕೆಳಗ ಅದ!”

ಪೆಟ್ಟಿಗೆಯ ಗ ಹಲಗೆಯದಕ್ಕಿಂತ ಒಂದೆಳೆ ಎತ್ತರ, ನನ್ನದು ಎರಡರ ನಡುವೆ. ಸದಿಂದ ಗಕ್ಕೆ ಎಷ್ಟು ದೂರವೆಂದು ಇಬ್ಬರೂ ಹೊಲದ ಬದುವಿಗೆ ಜಗಳಾಡುವವರಂತೆ ಕೂಗಾಡಿದರು. ಇಬ್ಬರ ಅಳತೆಯೂ ಬೇರೆ. ತಪ್ಪು ನನ್ನದು ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಶ್ರುತಿ. ತಪ್ಪು ಹಾಡುವವಳು ಮುಂದೆ ಕೂರುವುದು ಬೇಡವೆಂದರು. ನಿಮ್ಮಜ್ಜ ಎಂದಿನಂತೆ ಬೀಡಿ ಹುಡುಕುತ್ತಿದ್ದರು.

ಅತ್ತೆ ಜೋಳ ಕೇರುವ ಮೊರ ಕೆಳಗಿಟ್ಟು ಬಂದರು. “ಏನು ಅಳಿಯಾಕತ್ತೀರ್ಯೋ ಯಪ್ಪಾ? ಹಾಡೇನು ಕುಬಸದ ಅರಿವೀನಾ, ಗೇಣು ಹಾಕಾಕ? ಮೊದಲ ನಿಮ್ಮ ಎರಡು ಗ ಜೋಡಿಸ್ರಿ. ಆಮ್ಯಾಲ ನನ್ನ ಸೊಸಿ ತಪ್ಪು ಹೇಳ್ರಿ.”

ಜೋಡಿಸುವುದು ಅವರಿಂದಾಗಲಿಲ್ಲ. ಹಲಗೆ ಬಂದರೆ ತಾವು ಬರುವುದಿಲ್ಲವೆಂದರು ಮಾಸ್ತರರು. ಪೆಟ್ಟಿಗೆ ಬಂದರೆ ತಾನಿಲ್ಲವೆಂದ ಮೈದುನ. ಬಸ್ಸು ಇಬ್ಬರಿಗೂ ಕಾಯಲಿಲ್ಲ. ರಾಯಚೂರಿನಲ್ಲಿ ನನ್ನ ಕೈಯಲ್ಲಿ ಏಕತಾರಿ, ಅತ್ತೆಯ ಕೈಯಲ್ಲಿ ತಾಳ. ನೆಲ ನೋಡುತ್ತಲೇ ಹಾಡಿದೆ. ನನ್ನ ಗ ಎಲ್ಲಿ ಬಿತ್ತೋ ನನಗೂ ಗೊತ್ತಿಲ್ಲ. ಎದುರಿಗಿದ್ದ ಮುದುಕರೊಬ್ಬರು, “ಇನ್ನೊಂದು ಹೇಳ ಯವ್ವಾ,” ಎಂದರು. ಹೇಳಿದೆ.

ಮರಳಿ ಬಂದಾಗ ಮೈದುನ ಹಲಗೆ ತೊಡೆಯ ಮೇಲಿಟ್ಟು ಕಟ್ಟೆಗೆ ಕುಳಿತಿದ್ದ. ಹಾಡು ಹೇಗಾಯಿತೆಂದು ಕೇಳಲಿಲ್ಲ.

“ವೈನಿ, ಗ ಎಷ್ಟಕ್ಕ ಹಿಡಿದ್ರಿ?”

“ಇನ್ನೊಂದು ಹೇಳು ಅನ್ನೋ ಅಷ್ಟಕ್ಕ,” ಎಂದ ಅತ್ತೆ ಹಲಗೆಯನ್ನು ಎತ್ತಿಕೊಂಡು ಒಳಗೆ ನಡೆದರು. ತಂತಿ ಕಿತ್ತು, ಆ ಬೇಸಿಗೆಯ ಶಾವಿಗೆಯನ್ನು ಅದರ ಮೇಲೆಯೇ ಹೊಸೆದೆವು. ಎಳೆ ಒಂದೂ ಸಮ ಬರಲಿಲ್ಲ. ಮೈದುನ ಎರಡು ಸಲ ಹಾಕಿಸಿಕೊಂಡು ತಿಂದ.