ಒಂದು ಇಂಗ್ಲಿಷ್ ಮಾತನ್ನು ಕಟ್ಟಿಕೊಂಡು ಮಂಗಳೂರಿಗೆ

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಟೆ. ನಮ್ಮೂರಿನಿಂದ ತೊಕ್ಕೊಟ್ಟಿಗೆ ಮೂರು ಮೈಲು. ಮಳೆಗಾಲ ಮುಗಿದಿದ್ದರೂ ಗದ್ದೆಯ ಬದುಗಳು ಜಾರುತ್ತಿದ್ದವು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದೆ. ಚೀಲದಲ್ಲಿ ಒಂದು ಸೇರು ಕುಚ್ಚಲಕ್ಕಿ, ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ. ಎರಡೂ ಕಾಯಿಲೆಯವರ ಗಂಜಿಗೆಂದು ತೆಗೆದುಕೊಂಡದ್ದು. ರವಕೆಯೊಳಗೆ ಲಿಲ್ಲಿಯ ಕಾಗದ.

ಲಿಲ್ಲಿ ನನ್ನ ಮಗಳ ಮಗಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ನಾನೇ ಸಾಕಿದ್ದು. ಈಗ ನೋಡಿ, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಾಳೆ! ನಮ್ಮ ಇಗರ್ಜಿಗೆ ಬರುವ ಮನೆಗಳಲ್ಲಿ ಹೀಗೆ ಹೋದವಳು ಅವಳೇ ಮೊದಲು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು.

ಅವಳು ಹೋದ ಮೂರನೇ ವಾರಕ್ಕೆ ಕಾಗದ ಬಂದಿತ್ತು. ಕನ್ನಡ ಅಕ್ಷರದಲ್ಲಿ ಬರೆದ ನಮ್ಮ ಕೊಂಕಣಿ. ಮೂರನೇ ಕ್ಲಾಸು ಕಲಿತ ನನಗೆ ಅಷ್ಟು ಓದಲು ಬರುತ್ತದೆ. ನಡುವೆ ಒಂದು ಸಾಲು ಹೀಗಿತ್ತು: “ವಾರ್ಡಿನ ಸಿಸ್ಟರ್ ನನ್ನನ್ನು ನೋಡಿ, ನೀನು ಬಿವಿಲ್ಡರ್ಡ್ ಅಂದರು. ನೀವು ಹೆದರಬೇಡಿ ಮಾಂಯ್.” ಮಾಂಯ್ ಎಂದರೆ ಅಮ್ಮ; ಅಜ್ಜಿಯಾದರೂ ನನ್ನನ್ನು ಅವಳು ಹಾಗೆಯೇ ಕರೆಯುವುದು.

ಆಸ್ಪತ್ರೆಯಿಂದ ನಮ್ಮೂರಿಗೆ ಬಂದ ಇಂಗ್ಲಿಷ್ ಮಾತುಗಳೆಲ್ಲ ಕಾಯಿಲೆಯ ಹೆಸರುಗಳೇ. ಟೈಫಾಯ್ಡ್ ಹಾಗೆ ಬಂತು, ಟಿ.ಬಿ. ಹಾಗೆ ಬಂತು. ಇದೂ ಅಂಥದ್ದೇ ಎಂದು ನನ್ನ ಎದೆ ಒಡೆಯಿತು. ಪಾದ್ರಿಗಳಿಗೆ ಕಾಗದ ತೋರಿಸಬಹುದಿತ್ತು, ಶಾಲೆಯ ಮಾಸ್ತರರಿಗೂ ತೋರಿಸಬಹುದಿತ್ತು. ತೋರಿಸಲಿಲ್ಲ. ಹುಡುಗಿಗೆ ಏನೋ ಉಂಟಂತೆ ಎಂದು ಭಾನುವಾರ ಪೂಜೆ ಮುಗಿಸಿ ಅಂಗಳದಲ್ಲಿ ನಿಂತವರ ಬಾಯಿಗೆ ಬಿದ್ದರೆ ನಾಳೆ ಯಾವ ಮನೆಯಿಂದ ಸಂಬಂಧ ಬರುತ್ತದೆ? ಎರಡು ತಿಂಗಳು ಆ ಮಾತಿನೊಂದಿಗೆ ಒಬ್ಬಳೇ ಇದ್ದೆ. ಸಂಜೆ ಜಪಸರ ಹಿಡಿದರೆ ಮಣಿ ಮಣಿಗೂ ಅದೇ ಬರುತ್ತಿತ್ತು. ಅವಳಿಂದ ಬೇರೆ ಕಾಗದವೂ ಬರಲಿಲ್ಲ. ಕೊನೆಗೆ ನಿಶ್ಚಯ ಮಾಡಿದೆ, ಕಲಿತದ್ದು ಸಾಕು, ಹುಡುಗಿಯನ್ನು ಕರೆದುಕೊಂಡೇ ಬರುವುದು.

ನೇತ್ರಾವತಿಗೆ ಇರುವುದು ರೈಲಿನ ಸೇತುವೆ ಮಾತ್ರ. ನಮ್ಮಂಥವರು ಕಡವಿನಲ್ಲಿ ದೋಣಿ ಹತ್ತಬೇಕು. ಹೊಳೆ ಇನ್ನೂ ಕೆಂಪಗೆ ಹರಿಯುತ್ತಿತ್ತು. ದೋಣಿಯಲ್ಲಿ ಹದಿನೈದು ಜನರಿದ್ದರೂ ಮಾತನಾಡಲು ನನಗೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಒಬ್ಬ ಬ್ಯಾರಿ ಸಾಹುಕಾರರು ಕೂತಿದ್ದರು. ಬೊಂಬಾಯಿಗೆ ಹೋಗಿ ಬರುವವರಂತೆ. ಗುರುತಿಲ್ಲದವರಲ್ಲಿ ಕೇಳಿದರೆ ಸುದ್ದಿ ಊರಿಗೆ ಬರುವುದಿಲ್ಲವಲ್ಲ ಎಂದು ಧೈರ್ಯ ಮಾಡಿದೆ.

“ಸಾಹುಕಾರ್ರೇ, ಬಿವಿಲ್ಡರ್ಡ್ ಅಂದ್ರೆ ಎಂತ?”

ಅವರು ಗಡ್ಡ ಸವರಿಕೊಂಡರು. “ನನಗೆ ಬಟ್ಟೆಯ ಇಂಗ್ಲಿಷ್ ಬರ್ತದೆ ಬಾಯಮ್ಮ. ಪಾಪ್ಲಿನ್, ಮಲ್, ಲಾಂಗ್‌ಕ್ಲಾತ್. ಇದು ಬಟ್ಟೆಯದ್ದಲ್ಲ.”

“ಕಾಯಿಲೆಯದ್ದಾ?”

“ಯಾರಿಗೆ ಉಂಟು?”

ನಾನು ಹೊಳೆಯ ಕಡೆಗೆ ಮುಖ ತಿರುಗಿಸಿದೆ. ಅವರು ಮತ್ತೆ ಕೇಳಲಿಲ್ಲ. ದಡ ಮುಟ್ಟಿದಾಗ ನನ್ನ ಚೀಲವನ್ನು ಅವರೇ ಇಳಿಸಿಕೊಟ್ಟು, “ಹುಟ್ಟಿಸಿದವನು ಇದ್ದಾನೆ, ಹೋಗಿ ಬನ್ನಿ” ಎಂದರು.

ಅಲ್ಲಿಂದ ಹಂಪನಕಟ್ಟೆಗೆ ನಡೆದೆ. ಎಷ್ಟು ಬಸ್ಸು, ಎಷ್ಟು ಜಟಕಾ, ಎಷ್ಟು ಜನ! ಎಲ್ಲರಿಗೂ ಹೋಗಬೇಕಾದ ಜಾಗ ಗೊತ್ತಿತ್ತು. ಹತ್ತು ನಯಾಪೈಸೆ ಕೊಟ್ಟು ಒಂದು ಬಸ್ಸಿನಲ್ಲಿ ಕೂತೆ. ಬಸ್ಸು ಖಾಲಿಯಾದರೂ ನಾನು ಕೂತೇ ಇದ್ದೆ.

“ಇಳೀರಿ ಬಾಯಮ್ಮ, ಬಿಜೈ ಬಂತು” ಎಂದ ಕಂಡಕ್ಟರ್.

“ಆಸ್ಪತ್ರೆ?”

“ಅಯ್ಯೋ ದೇವ್ರೇ, ಅದು ಆಚೆ ಕಡೆ! ಹತ್ತುವಾಗ ಒಂದು ಮಾತು ಕೇಳ್ಬಾರ್ದಾ?”

ಬಿಸಿಲಿನಲ್ಲಿ ನಡೆದು, ನಾಲ್ಕು ಕಡೆ ಕೇಳಿ, ಹನ್ನೊಂದು ಗಂಟೆಗೆ ಆಸ್ಪತ್ರೆಯ ಗೇಟು ಮುಟ್ಟಿದೆ. ಅಲ್ಲಿ ಇನ್ನೊಂದು ಪೆಟ್ಟು. ಕಲಿಯುವ ಹುಡುಗಿಯರನ್ನು ನೋಡಲು ಭಾನುವಾರ ಮಾತ್ರ ಬಿಡುವುದಂತೆ.

“ಇವತ್ತು ರೋಗಿಗಳಿಗೆ ಮಾತ್ರ” ಎಂದ ಗೇಟಿನವನು. “ನಿಮಗೆ ಕಾಯಿಲೆ ಉಂಟಾ?”

ಭಾನುವಾರದವರೆಗೆ ನಾನು ಎಲ್ಲಿರುವುದು? ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಅವಳ ಕಾಯಿಲೆಯೇ ನನಗೂ ಉಂಟೆಂದರೆ ಅವಳಿರುವ ವಾರ್ಡಿಗೇ ಹಾಕುತ್ತಾರೆ. “ಉಂಟು” ಎಂದೆ. ಚೀಟಿ ಮಾಡಿಸಿ ಹೆಂಗಸರ ಸಾಲಿನಲ್ಲಿ ಕೂತೆ. ಒಂದು ಗಂಟೆ ಕಾದ ಮೇಲೆ ಒಳಗೆ ಕರೆದರು. ಡಾಕ್ಟರಮ್ಮನಿಗೆ ನನ್ನ ಮಗಳು ಬದುಕಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ವಯಸ್ಸು.

“ಎಂತ ಆಗ್ತದೆ ಅಮ್ಮ?”

“ಬಿವಿಲ್ಡರ್ಡ್.”

ಅವರ ಪೆನ್ನು ನಿಂತಿತು. “ಯಾರು ಹೇಳಿದ್ದು?”

ಇನ್ನು ಸುಳ್ಳು ಹೇಳಲು ಆಗಲಿಲ್ಲ. ಕಾಗದ ತೆಗೆದು ಮೇಜಿನ ಮೇಲಿಟ್ಟೆ. “ಹೇಳಿಬಿಡಿ ಡಾಕ್ಟರೇ, ಎಷ್ಟು ದಿನ ಬದುಕ್ತಾಳೆ?”

ಡಾಕ್ಟರಮ್ಮ ಓದಿದರು. ನಗು ಬಂತು ಅವರಿಗೆ, ಆದರೆ ನನ್ನ ಮುಖ ನೋಡಿ ನಗು ನುಂಗಿಕೊಂಡರು. ಕುರ್ಚಿ ಹತ್ತಿರ ಎಳೆದುಕೊಂಡು ನನ್ನ ಕೈ ಹಿಡಿದರು. “ಇದು ಕಾಯಿಲೆ ಅಲ್ಲ ಅಮ್ಮ. ಹೊಸ ಊರಿನಲ್ಲಿ ನಾಲ್ಕು ರಸ್ತೆ ಕೂಡಿದಲ್ಲಿ ನಿಂತಿದ್ದೀರಿ ಅಂತ ಇಟ್ಟುಕೊಳ್ಳಿ. ನಾಲ್ಕೂ ರಸ್ತೆ ಕಣ್ಣಿಗೆ ಕಾಣ್ತದೆ, ನಿಮ್ಮದು ಯಾವುದು ಅಂತ ಗೊತ್ತಾಗುವುದಿಲ್ಲ. ಕಾಲು ಏಳುವುದಿಲ್ಲ. ಆಗ ಮನಸ್ಸಿಗೆ ಆಗ್ತದಲ್ಲ, ಅದಕ್ಕೆ ಹೇಳುವ ಮಾತು. ರೋಗಿ ಸತ್ತಾಗ ಮನೆಯವರು ವರಾಂಡದಲ್ಲಿ ನಿಲ್ತಾರೆ ನೋಡಿ, ಅವರಿಗೂ ಹೇಳ್ತೇವೆ. ಹೊಸ ಹುಡುಗಿಯರಿಗಂತೂ ದಿನಾ ಹೇಳ್ತೇವೆ.”

“ಹಾಗಾದ್ರೆ ಬೆಳಿಗ್ಗೆಯಿಂದ ನನಗೆ ಅದೇ ಇದ್ದದ್ದು!” ಎಂದೆ. ಈಗ ಅವರು ತಡೆಯದೆ ನಕ್ಕರು. ನನಗೋ, ಅಲ್ಲೇ ಎದ್ದು ಕುಣಿಯುವಷ್ಟು ಸಂತೋಷ. ನನ್ನ ಹುಡುಗಿಗೆ ಏನೂ ಇಲ್ಲ! ಹೊರಗೆ ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಹೇಳಿದೆ. ಅವರು ನನ್ನನ್ನು ಹೇಗೆ ನೋಡಿದರೆಂದು ಬರೆಯುವುದಿಲ್ಲ.

ಡಾಕ್ಟರಮ್ಮ ಹೇಳಿ ಕಳುಹಿಸಿದ್ದಕ್ಕೆ ಲಿಲ್ಲಿಗೆ ಅರ್ಧ ಗಂಟೆ ಬಿಡುವು ಸಿಕ್ಕಿತು. ಬಿಳಿ ಬಟ್ಟೆಯಲ್ಲಿ ಬಂದಳು. ಮೈ ಸ್ವಲ್ಪ ಇಳಿದಿತ್ತು, ನಡಿಗೆ ಮಾತ್ರ ಚುರುಕಾಗಿತ್ತು. ಕಾಗದ ಏಕೆ ಬರೆಯಲಿಲ್ಲ ಎಂದರೆ, “ರಾತ್ರಿ ಪಾಳಿ ಮಾಂಯ್, ಕೂತಲ್ಲೇ ನಿದ್ದೆ ಬರ್ತದೆ” ಎಂದಳು. ವರಾಂಡದ ಬೆಂಚಿನಲ್ಲಿ ಕೂತು ಮಾವಿನ ಮಿಡಿಯನ್ನು ಹಾಗೆಯೇ ಕಚ್ಚಿ ತಿಂದಳು. ಕಾಯಿಲೆ ಇಲ್ಲವೆಂದು ಗೊತ್ತಾದ ಮೇಲೂ ನನ್ನ ಮನಸ್ಸು ಬಿಡಲಿಲ್ಲ.

“ಇಲ್ಲಿ ಕಷ್ಟವಾದರೆ ಈಗಲೇ ಹೊರಡು. ಯಾರೂ ಏನೂ ಅನ್ನುವುದಿಲ್ಲ.”

ಅವಳು ಬೆರಳಿಗೆ ಅಂಟಿದ ಉಪ್ಪುನೀರನ್ನು ಒರೆಸಿಕೊಂಡಳು.

“ಆ ಕಾಗದ ಬರೆದ ವಾರ ನೀವು ಬಂದಿದ್ದರೆ ಬಂದುಬಿಡ್ತಿದ್ದೆ ಮಾಂಯ್. ದಿನಾ ಗೇಟು ನೋಡ್ತಿದ್ದೆ.”

“ಈಗ?”

“ಈಗ ಹದಿನಾರನೇ ಹಾಸಿಗೆಯ ಅಜ್ಜಿ ನಾನು ಕೊಟ್ಟರೆ ಮಾತ್ರ ಗಂಜಿ ಕುಡಿಯುವುದು.”

ಎರಡು ತಿಂಗಳು ಕಾಗದವನ್ನು ಬಚ್ಚಿಟ್ಟು ಕೂತ ನನ್ನ ಹೆದರಿಕೆಯನ್ನು ಬೈಯಬೇಕೋ, ಅದಕ್ಕೆ ಕೈ ಮುಗಿಯಬೇಕೋ ತಿಳಿಯಲಿಲ್ಲ. ತಂದ ಅಕ್ಕಿಯನ್ನು ಆ ಅಜ್ಜಿಗೆಂದು ಅವಳ ಕೈಯಲ್ಲಿ ಕೊಟ್ಟೆ.

ಲಿಲ್ಲಿ ನನ್ನನ್ನು ಗೇಟಿನವರೆಗೆ ಬಿಟ್ಟಳು. ಯಾವ ಬಸ್ಸು, ಎಲ್ಲಿ ಇಳಿಯುವುದು, ಕಡವಿಗೆ ಯಾವ ಓಣಿಯಲ್ಲಿ ತಿರುಗುವುದು, ಎಲ್ಲವನ್ನೂ ಎರಡೆರಡು ಸಲ ಹೇಳಿದಳು. ಚಿಕ್ಕವಳಿದ್ದಾಗ ಶಾಲೆಗೆ ಹೊರಟ ಅವಳಿಗೆ ನಾನು ಹಾಗೆಯೇ ಹೇಳುತ್ತಿದ್ದೆ. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಯಾರೋ “ಸಿಸ್ಟರ್!” ಎಂದು ಕೂಗಿದರು. ಅದು ಇವಳನ್ನೇ! ನನ್ನ ಕೈಯನ್ನು ಒಮ್ಮೆ ಒತ್ತಿ ಓಡಿದಳು. ಅಂಗಳದ ಆಚೆ ಒಂದೇ ತರಹದ ಐದು ಬಾಗಿಲುಗಳಿದ್ದವು. ಒಂದು ಗಳಿಗೆಯೂ ನಿಲ್ಲದೆ ತನ್ನ ಬಾಗಿಲಿಗೆ ಹೋದಳು, ತಿರುಗಿ ನೋಡಲಿಲ್ಲ. ಬಸ್ಸು ಬರುವವರೆಗೂ ನಾನು ಆ ಬಾಗಿಲನ್ನೇ ನೋಡುತ್ತಾ ನಿಂತಿದ್ದೆ.