ರುಮಾಲಿನ ಕೆಳಗಿನ ನಾಟಿ

ತಲೆಯಲ್ಲಿ ಕೂದಲಿಲ್ಲದವನಿಗೆ ಹೆಣ್ಣು ಸಿಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಕನ್ನಡಿ ಮುಂದೆ ನಿಂತು ಕಂಡುಹಿಡಿದಿದ್ದೆ. ಕುಷ್ಟಗಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನನಗೆ ಮೂವತ್ತೆರಡಕ್ಕೇ ಹಣೆ ನಡುನೆತ್ತಿಯವರೆಗೆ ಬೆಳೆದಿತ್ತು. ಕಾರಟಗಿಗೆ ಹೆಣ್ಣು ನೋಡಲು ಹೋದ ದಿನ ಎಡಗಿವಿಯ ಮೇಲಿದ್ದ ಕೂದಲಿಗೆ ಎಣ್ಣೆ ಹಚ್ಚಿ ಬಲಗಿವಿಯತನಕ ಎಳೆದು ತಂದಿದ್ದೆ. ಉಪ್ಪಿಟ್ಟು ತಿನ್ನುವಾಗ ಯಾರೋ ಫ್ಯಾನ್ ಜೋರು ಮಾಡಿದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ತಲೆ ಹಿಡಿದು ಕೂತೆ. ಹುಡುಗಿ ಒಪ್ಪಿದ್ದಾಳೆ ಎಂದು ಸುದ್ದಿ ಬಂತು. ಸರಿಯಾಗಿ ನೋಡಿಲ್ಲ, ಅದಕ್ಕೇ ಒಪ್ಪಿದ್ದಾಳೆ. ನೋಡಿದ ದಿನ ಬೇಡ ಅಂದುಬಿಟ್ಟರೆ? ಆ ಹೆದರಿಕೆಯಲ್ಲಿ ನನಗೆ ಅನ್ನ ಸೇರಲಿಲ್ಲ.

ಮದುವೆಗೆ ಎರಡು ತಿಂಗಳಿರುವಾಗ, ಇಲಾಖೆಯ ತರಬೇತಿ ಇದೆ ಎಂದು ಮನೆಯಲ್ಲಿ ಹೇಳಿ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋದೆ. ಹಿಂದಲೆಯ ಕೂದಲನ್ನು ಬೇರುಸಮೇತ ಕಿತ್ತು ಮುಂದೆ ನೆಡುತ್ತಾರೆ. ಡಾಕ್ಟರು ಪ್ರಾಮಾಣಿಕರು. ನೆಟ್ಟದ್ದು ಮೊದಲು ಉದುರುತ್ತದೆ, ಮತ್ತೆ ಹುಟ್ಟಿ ಬೆಳೆಯಲು ವರ್ಷ ಹಿಡಿಯುತ್ತದೆ ಎಂದು ಎರಡು ಸಲ ಹೇಳಿದರು. ಬೆಳೆಯುತ್ತದೆ ಎಂಬುದೊಂದೇ ನನ್ನ ಕಿವಿಗೆ ಬಿತ್ತು. ಲೆಕ್ಕ ಪೂರ್ತಿ ಓದದೆ ಉತ್ತರ ಬರೆಯುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರ ನಾನು!

ನೆಡುವ ಮುಂಚೆ ತಲೆ ಬೋಳಿಸುತ್ತಾರೆ ಎಂಬುದನ್ನೂ ನಾನು ಎಣಿಸಿರಲಿಲ್ಲ. ಗೆಳೆಯನ ರೂಮಿನಲ್ಲಿ ಹತ್ತು ದಿನ ಕೂತು, ಹಕ್ಕಳೆ ಉದುರಿದ ಮೇಲೆ ಟೋಪಿ ಹಾಕಿಕೊಂಡು ಮನೆಗೆ ಬಂದೆ. ಅವ್ವ ಟೋಪಿ ಕಿತ್ತು, "ಇದೇನಪಾ ಇದು?" ಅಂದಾಗ ಬಾಯಿಗೆ ಬಂದ ಸುಳ್ಳು ಹೇಳಿದೆ.

"ಮನಿದೇವ್ರಿಗೆ ಮುಡಿ ಕೊಟ್ಟು ಬಂದೆ."

ಅಜ್ಜಿ ಸಂತೋಷಕ್ಕೆ ಅಳತೊಡಗಿದಳು. ಮಗುವಿನ ಮೊದಲ ಕೂದಲನ್ನು ದೇವರಿಗೆ ಕೊಡುವ ಜವಳ ಆಗದೆ ನಮ್ಮ ಮನೆಯಲ್ಲಿ ಮದುವೆ ಮಾಡುವುದಿಲ್ಲ. ನನ್ನ ಜವಳ ನಿಂತುಹೋಗಿತ್ತು. ಮೊದಲ ಎಳೆಗೆ ಕತ್ತರಿ ಹಾಕಬೇಕಾದವನು ಸೋದರಮಾವ, ಆಗ ಅವನಿಗೂ ಅಪ್ಪನಿಗೂ ಮಾತಿರಲಿಲ್ಲ. ಈಗ ಅಜ್ಜಿ ಖುಷಿಯಲ್ಲಿ ಆ ಮಾವನಿಗೇ ಫೋನ್ ಮಾಡಿದಳು. ಅವನಿರುವುದು ಮಂಗಳೂರಿನಲ್ಲಿ. ಸಮುದ್ರವಿರುವ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಮರುದಿನ ಮೊದಲ ಬಸ್ಸಿಗೇ ಬಂದಿಳಿದ.

"ಮಾವನ ಕತ್ತರಿ ಬೀಳದ ಜವಳ ಎಂಥಾ ಜವಳಲೇ? ನಾ ಏನ್ ಸತ್ತೀನೇನು? ಮತ್ತೊಮ್ಮಿ ಮಾಡ್ರಿ. ಇಲ್ಲಂದ್ರ ಮದುವಿಗೆ ನಾ ಬರೂದಿಲ್ಲ."

ಕೂದಲು ಒಂದಿಷ್ಟು ಬೆಳೆಯಲಿ, ಮದುವೆಗೆ ಎಂಟು ದಿನ ಮುಂಚೆ ಮಾಡೋಣ ಎಂದು ಅಪ್ಪ ಒಪ್ಪಿದ. ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ನಿಜ ನನಗಿಂತ ಮೊದಲು ಕಾರಟಗಿ ಮುಟ್ಟುತ್ತಿತ್ತು. ಅಷ್ಟರಲ್ಲಿ ನೆಟ್ಟದ್ದೆಲ್ಲ, ಡಾಕ್ಟರು ಹೇಳಿದಂತೆಯೇ, ಒಂದೊಂದಾಗಿ ದಿಂಬಿನ ಪಾಲಾಯಿತು.

ಗುಡಿಯ ಮುಂದೆ ಮಾವ ಕತ್ತರಿ ಹಿಡಿದು ನನ್ನ ನೆತ್ತಿಯಲ್ಲಿ ಎಳೆ ಹುಡುಕಿದ. ಕೊನೆಗೆ ಕಿವಿಯ ಹತ್ತಿರ ಸಿಕ್ಕಿತು. ಆಮೇಲೆ ಕ್ಷೌರ ಮಾಡುವವನು ಹಿಂದಲೆಗೆ ನೀರು ತಟ್ಟಿದವನೇ ಕೈ ನಿಲ್ಲಿಸಿದ.

"ಸರ, ಇದೇನ್ರಿ? ಸಸಿ ಕಿತ್ತ ಮಡಿ ಆದಂಗ ಆಗೈತಲ್ರಿ!"

ಬಂದ ನೆಂಟರೆಲ್ಲ ಸಾಲಾಗಿ ನನ್ನ ಹಿಂದಲೆಯ ದರ್ಶನ ಮಾಡಿದರು. ಬಾಯಿ ಬಿಡಲೇಬೇಕಾಯಿತು. "ದೇವ್ರ ಕೂದಲಾ ಒಯ್ದು ಡಾಕ್ಟರಗ ಕೊಟ್ಟು ಬಂದಾನ ನೋಡ್ರಿ" ಎಂದು ಅಜ್ಜಿ ಎದೆ ಬಡಿದುಕೊಂಡಳು. ಕಾರಟಗಿಗೆ ಮಾತ್ರ ಹೇಳಬೇಡಿ ಎಂದು ನಾನು ಎಲ್ಲರ ಕಾಲಿಗೆ ಬೀಳುವುದೊಂದು ಬಾಕಿ.

ಮದುವೆಯ ದಿನ ನನ್ನ ತಲೆಗೆ ರುಮಾಲು ಸುತ್ತಿ ಬಾಸಿಂಗ ಕಟ್ಟಿದರು. ಅಕ್ಷತೆ ಬಿದ್ದು, ಊಟ ಮುಗಿಯುವತನಕ ನನ್ನ ತಲೆಯ ಒಂದು ಬೆರಳಗಲ ಜಾಗವೂ ಯಾರಿಗೂ ಕಾಣಲಿಲ್ಲ. ನಮ್ಮ ಕಡೆ ಮದುಮಗನಿಗೆ ರುಮಾಲು ಕಟ್ಟುತ್ತಾರೆ ಎಂಬುದು ಬುದ್ಧಿ ಬಂದಾಗಿನಿಂದ ನನಗೆ ಗೊತ್ತಿದ್ದ ಸಂಗತಿ. ಬುದ್ಧಿ ಬಂದಿತ್ತು ಎಂದುಕೊಂಡರೆ.

ಬೋಳು ತಲೆಗೆ ಜವಳದ ನೆಪವಿತ್ತು, ಸುಮ್ಮನಿರಬಹುದಿತ್ತು. ಆದರೂ ಮೂರನೆಯ ದಿನ ಮಧ್ಯಾಹ್ನ ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದೆ. ತವರಿಗೆ ಹೋಗುತ್ತೇನೆ ಅನ್ನುತ್ತಾಳೇನೋ ಎಂದು ಅವಳ ಮುಖವನ್ನೇ ನೋಡಿದೆ.

"ಆವತ್ತು ಫ್ಯಾನ್ ಜೋರ್ ಮಾಡಿದಾಕಿ ನಾನ ರೀ" ಅಂದಳು. "ನಿಮಗಿಂತ ಮೊದಲ ಬಂದವ್ರು ಇಬ್ಬರೂ ಮೀಸಿ ತಿರುವಿಕೋಂತ ಕುಂತಿದ್ರು. ನೀವು ಆ ನಾಕ್ ಎಳಿ ಹಾರಿದ್ದಕ್ಕ ಉಪ್ಪಿಟ್ಟ ಬಿಟ್ಟು ತಲಿ ಹಿಡಕೊಂಡ್ರಿ. ನನಗ ಭಾಳ ನಗು ಬಂತು. ಒಳಗ ಹೋಗಿ ಅವ್ವಗ ಹೂಂ ಅಂದೆ."

ಹೋದ ಜೀವ ಬಂದಂತಾಯಿತು. ನಾಚಿಕೆಯೂ ಆಯಿತು. ಅವಳು ನನ್ನ ಎಡಗಿವಿಯ ಮೇಲೆ ಬೆರಳಾಡಿಸಿ, "ಮತ್ತ ಆ ನಾಕ್ ಎಳಿ ಏನ್ ಮಾಡಿದ್ರಿ?" ಎಂದು ಕೇಳಿದಳು.

ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಬೋಳಿಸಿದ್ದು ಅವನ್ನೇ.