ಗೌರಿಯ ಬೆನ್ನಿನ ಅಳತೆ

ಗಿರಿಜಾ, ಗೌರಿಯ ಬೆನ್ನು ಕೆಡಿಸಿದ್ದು ನೀನಲ್ಲ, ನಾನು. ಮದುವೆಯಾದ ಇಪ್ಪತ್ತು ವರ್ಷದಿಂದ ಈ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ — ನುಂಗಲೂ ಆಗದೆ, ಉಗುಳಲೂ ಆಗದೆ. ಎದುರಿಗೇ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಚಾ ಆಯಿತಾ ಎಂದು ಕೇಳಿ ಮುಚ್ಚಿಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿಮ್ಮಪ್ಪ ಸವಳಂಗದಲ್ಲಿ ಒಂದು ಬಿಳಿ ಕುದುರೆ ಸಾಕಿದ್ದರು. ನ್ಯಾಮತಿ, ಚನ್ನಗಿರಿ ಕಡೆಯ ಮದುಮಕ್ಕಳೆಲ್ಲ ಮೆರವಣಿಗೆಯಲ್ಲಿ ಗೌರಿಯ ಮೇಲೇ ಕೂತು ಬರಬೇಕು. ಆ ವರ್ಷ ಅವಳ ಕಾಲು ಊದಿ ಐದು ತಿಂಗಳು ನಿಂತಲ್ಲೇ ನಿಂತಳು. ಕಾಲು ವಾಸಿಯಾದ ಮೇಲೆ ಅವಳನ್ನು ಮತ್ತೆ ಕೆಲಸಕ್ಕೆ ತರುತ್ತಿದ್ದವಳು ನೀನು. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಸುತ್ತಿದ್ದೆ. ಹಳೆಯ ಜೀನು ರಿಪೇರಿಗೆಂದು ಹೊನ್ನಾಳಿಯ ನನ್ನ ಅಂಗಡಿಯಲ್ಲಿ ಬಿದ್ದಿತ್ತು. ಅದು ಆಗುವ ತನಕ ತಾತ್ಕಾಲಿಕವಾಗಿ ಏನು ಹಾಕುವುದು ಎಂದು ಕೇಳಲು ನಿಮ್ಮಪ್ಪ ನನ್ನನ್ನು ಕರೆಸಿದರು.

ನಾನು ಬೈಕಿನ ಸೀಟು ಹೊಲಿಯುವವನು. ಆದರೂ ಹಳೆಯ ಜೀನುಗಳನ್ನು ಬಿಚ್ಚಿ, ಕಟ್ಟಿ, ಕಲಿತು, ಆಗಷ್ಟೇ ಸ್ವಂತದ್ದೊಂದು ಜೀನು ಮಾಡಿ ಮುಗಿಸಿದ್ದೆ. ನನ್ನ ಮೊದಲ ಜೀನು! ಅದನ್ನು ನಿಮ್ಮ ಮನೆಯವರು ನೋಡಬೇಕಿತ್ತು — ನಿಮ್ಮ ಮನೆಯವರೇನು, ನೀನು ನೋಡಬೇಕಿತ್ತು. ಗೌರಿಯ ಮೈ ತಿಕ್ಕುವ ನಿನ್ನ ಕೈ ನೋಡಿಯೇ ನಾನು ಮರುಳಾಗಿದ್ದೆ.

ತಂತಿ ಬಾಗಿಸಿ ಗೌರಿಯ ಬೆನ್ನಿನ ಅಳತೆ ತೆಗೆದೆ. ಅಂಗಡಿಗೆ ಬಂದು ಆ ತಂತಿಯನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದೆ. ನಿಂತು ನಿಂತು ಅವಳ ಬೆನ್ನಿನ ಮಾಂಸ ಎರಡೂ ಕಡೆ ಕರಗಿ ನಡುವಿನ ಎಲುಬು ಎದ್ದಿತ್ತು. ನನ್ನ ಜೀನಿನ ಒಳಗಿನ ಮರದ ಚೌಕಟ್ಟು ಮೈ ತುಂಬಿದ ಕುದುರೆಗೆ ಮಾಡಿದ್ದು. ಹಾಕಿದರೆ ಸೀದಾ ಎಲುಬಿನ ಮೇಲೇ ಕೂರುತ್ತಿತ್ತು. ರಟ್ಟು ಅದನ್ನು ಹೇಳಿತ್ತು, ನಾನು ಓದಿದ್ದೆ.

ನಿಮ್ಮಪ್ಪನೇ ದಾರಿ ತೋರಿಸಿದ್ದರು. ಮೈ ತುಂಬುವ ತನಕ ಕಂಬಳಿ ಮಡಿಸಿ ಪಟ್ಟಿ ಬಿಗಿದರೆ ಸಾಲದೇ ಎಂದು ಕೇಳಿದರು. ಸಾಕು ಎನ್ನಬೇಕಿತ್ತು. ಅಷ್ಟೇ — ಒಂದು ಪದ.

"ಜೀನೇ ಹಾಕ್ರಿ. ಅಳತೆಗೆ ಸರಿ ಐತೆ" ಅಂದೆ.

ನೀನು ಖಾಲಿ ಜೀನು ಹಾಕಿ ನಾಲ್ಕು ದಿನ, ಆಮೇಲೆ ಅದರ ಮೇಲೆ ಮರಳಿನ ಚೀಲ ಹೇರಿ ನಡೆಸಿದೆ. ಒಂದು ದಿನ ನೀನೇ ಬಸ್ಸು ಹತ್ತಿ ಅಂಗಡಿಗೆ ಬಂದೆ. ಗೌರಿ ಬೆನ್ನು ತಗ್ಗಿಸುತ್ತಾಳೆ, ಜೀನು ಒತ್ತುತ್ತಿರಬೇಕು ಎಂದೆ. ಹೊಸ ಚರ್ಮ, ಹದಕ್ಕೆ ಬರಲಿ ಎಂದು ನಾನು ನಕ್ಕೆ. ದೊಡ್ಡ ಕಸುಬುದಾರನ ನಗೆ! ನೀನು ನಂಬಿಕೊಂಡು ಹೋದೆ.

ಹತ್ತು ದಿನಕ್ಕೆ ಎಲುಬಿನ ಮೇಲೆ ಅಂಗೈಯಗಲ ಹುಣ್ಣಾಯಿತು. ನಿಮ್ಮಪ್ಪ ಜೀನು ಹೊತ್ತುಕೊಂಡು ಬಂದು ಮೇಜಿನ ಮೇಲಿಟ್ಟರು. ಬೈಯಲಿಲ್ಲ, ಜೀನಿನಲ್ಲಿ ಏನಾದರೂ ದೋಷವೇ ಎಂದು ಮೆತ್ತಗೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ — ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಕಳ್ಳನೆಂದು ಇನ್ನೊಬ್ಬರ ಕಡೆ ಬೆರಳು ತೋರಿಸಿದೆ.

"ಜೀನು ಸರಿ ಐತ್ರೀ. ಕೆಳಗಿನ ಕಂಬಳಿ ಮುದುಡಿರಬೇಕು. ಕಟ್ಟಿದ ಕೈ ನೋಡ್ರಿ."

ಕಟ್ಟಿದ ಕೈ ನಿನ್ನದು. ಆ ರಟ್ಟು ಆಗ ನನ್ನ ಬೆನ್ನ ಹಿಂದಿನ ಗೂಡಿನಲ್ಲೇ ಇತ್ತು.

ಮುಂದಿನದನ್ನು ನೀನು ಅನುಭವಿಸಿದ್ದೀಯ. ಲಾಯಕ್ಕೆ ಕಾಲಿಡಬೇಡ ಎಂದು ನಿಮ್ಮಪ್ಪ ನಿನಗೆ ಹೇಳಿದ್ದು, ಹುಣ್ಣು ಮಾಯ್ದರೂ ಗೌರಿ ಜೀನು ಕಂಡರೆ ಸಾಕು ಗೋಡೆಗೆ ಒರಗಿ ನಡುಗುತ್ತಿದ್ದದ್ದು, ಕೊನೆಗೆ ಯಾರೋ ಬಂದು ಅವಳನ್ನು ಅಗ್ಗಕ್ಕೆ ಕೊಂಡು ಹೊಡೆದುಕೊಂಡು ಹೋದದ್ದು. ಮರುವರ್ಷ ನಿಮ್ಮಪ್ಪ, ಹುಡುಗ ಕೆಲಸಗಾರ ಎಂದು ಹೊಗಳಿ ನಿನ್ನನ್ನು ನನಗೆ ಕೊಟ್ಟರು. ನಾನು ತಲೆ ತಗ್ಗಿಸಿಕೊಂಡು ತಾಳಿ ಕಟ್ಟಿದೆ. ನಾಚಿಕೆ ಸ್ವಭಾವದ ಹುಡುಗ ಅಂದುಕೊಂಡರು ಜನ. ಮಾವ ತೀರಿಕೊಳ್ಳುವ ತನಕವೂ ಮಗಳ ಕೈಯದೇ ತಪ್ಪೆಂದು ನಂಬಿದ್ದರು. ಅವರಿಗೆ ಹೇಳುವ ಅವಕಾಶ ಇನ್ನು —

ಈಗ ಜಗಳೂರಿನ ನಿನ್ನ ಅಕ್ಕನ ಮಗ ಕುದುರೆ ತಂದಿದ್ದಾನೆ. ಅದೂ ಆರು ತಿಂಗಳು ನಿಂತ ಕುದುರೆಯಂತೆ. ಚಿಕ್ಕಮ್ಮ ಬಂದು ಪಳಗಿಸಿಕೊಡಲಿ ಎಂದು ಅವನು ಫೋನಿನಲ್ಲಿ ಕೇಳಿದಾಗ ನೀನು ಹೇಳಿದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಬಂದು ನೋಡಿ ಹೋಗ್ತೀನಪ್ಪಾ. ಕಟ್ಟಾಕೆ ನನ್ನ ಕೈ ಬ್ಯಾಡ. ನನ್ನ ಕೈಯಾಗೆ ಒಂದು ಕೆಟ್ಟೈತೆ."

ಆಮೇಲೆ ಅವನು ನನ್ನನ್ನು ಕೇಳಿದ: ಚಿಕ್ಕಪ್ಪ, ತಾತ್ಕಾಲಿಕವಾಗಿ ಒಂದು ಜೀನು ಕೊಡುತ್ತೀರಾ? ಸಿಕ್ಕಿಬಿದ್ದೆ, ಗಿರಿಜಾ. ಜೀನು ಕೊಟ್ಟರೆ ಇನ್ನೊಂದು ಬೆನ್ನು ಕೆಡುತ್ತದೆ. ಸದ್ಯಕ್ಕೆ ಕಂಬಳಿ ಸಾಕು, ಮೈ ತುಂಬಲಿ ಎಂದರೆ — ಇದು ಗೊತ್ತಿದ್ದವರು ಅಂದು ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಎರಡು ದಿನ ಯೋಚಿಸಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಇಪ್ಪತ್ತು ವರ್ಷ ಸಾಲದೆ ಇನ್ನೂ ಎರಡು ದಿನ ಬೇಕಿತ್ತು ನನಗೆ.

ನೀನು ಆಗಲೇ ಅಲ್ಲಿದ್ದೀಯ; ನಾಳೆ ಬೆಳಗಿನ ಬಸ್ಸಿಗೆ ನಾನೂ ಜಗಳೂರಿಗೆ ಬರುತ್ತೇನೆ. ಜೀನು ತರುವುದಿಲ್ಲ. ಒಂದು ಕಂಬಳಿ, ಈ ಕಾಗದ, ಮತ್ತೆ ಆ ರಟ್ಟು. ಅದನ್ನು ಯಾಕೆ ಸುಡಲಿಲ್ಲವೋ ನನಗೇ ಗೊತ್ತಿಲ್ಲ. ಇದನ್ನು ನಿನ್ನ ಅಕ್ಕ, ಅವಳ ಮಗ ಇಬ್ಬರ ಮುಂದೆಯೇ ಓದುತ್ತೇನೆ. ಆಮೇಲೆ ನನ್ನ ಜೊತೆ ವಾಪಸು ಬಸ್ಸು ಹತ್ತು ಎಂದು ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ.

ನಿನ್ನೆ ಹೊರಡುವಾಗ ನೀನು ಚೀಲದ ಬಾಯಿ ಕಟ್ಟಿ, ಯಾವತ್ತಿನಂತೆ ನನ್ನ ಮುಂದೆ ಹಿಡಿದೆ. "ಒಮ್ಮೆ ನೋಡ್ರಿ, ಸರಿ ಐತಾ?" ಆಡಿನ ಹಗ್ಗ, ಬಟ್ಟೆ ಒಣಹಾಕುವ ತಂತಿ, ಮಗಳ ಜಡೆಯ ರಿಬ್ಬನ್ನು — ಮದುವೆಯಾದಂದಿನಿಂದ ನೀನು ಏನು ಕಟ್ಟಿದರೂ ನನಗೆ ತೋರಿಸುತ್ತೀಯ; ನಾನೂ ದೊಡ್ಡ ಮನುಷ್ಯನ ಹಾಗೆ ಎಳೆದು ನೋಡಿ ಹೂಂ ಅನ್ನುತ್ತೇನೆ. ನಿನ್ನೆಯೂ ಅಂದೆ. ಇಷ್ಟು ವರ್ಷದಲ್ಲಿ ನೀನು ಕಟ್ಟಿದ ಒಂದು ಗಂಟೂ ಸಡಿಲ ಇದ್ದದ್ದನ್ನು ನಾನು ಕಂಡಿಲ್ಲ.